ಡ್ಯೂಟಿಯ ಮೇಲಿದ್ದವರ ಪಾಲು

ನಮ್ಮ ಬಸವಕಲ್ಯಾಣದ ಕ್ರೈಸ್ತ ಸಭೆಗೆ ಈ ವರ್ಷ ಹೊಸ ಸಭಾಸೇವಕರನ್ನು ಆರಿಸಿದ್ದಾರೆ. ಅವರಲ್ಲೊಬ್ಬ, ಗ್ಯಾರೇಜು ನಡೆಸುವ ಯೋಹಾನ, ಕೆಲಸ ಒಪ್ಪಿಕೊಂಡ ವಾರದಲ್ಲೇ ಮನೆಗೆ ಬಂದು ಕೂತ. "ಫೌಜಿ ಕಾಕಾ, ಇದರಾಗ ಮಾಡೋದರ ಏನದ್ರಿ? ಜರಾ ಹೇಳಿಕೊಡ್ರಿ" ಅಂದ. ಮೊಣಕಾಲು ನೋವಿನಿಂದ ನಾನು ಆ ಕೆಲಸ ಬಿಟ್ಟು ಕೂತಿದ್ದೇನೆ, ಮಾತಾಡುವುದಕ್ಕೆ ವೇಳೆಯೂ ಇದೆ. ಆದರೆ ನನ್ನ ಮಾತು ಒಂದು ಕಡೆ ಹೊರಟು ಇನ್ನೊಂದು ಕಡೆ ಮುಟ್ಟುತ್ತದೆ ಎಂದು ಮನೆಯವಳ ದೂರು. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಪಾಸ್ಟರ್ ಪ್ರಸಂಗ ಮಾಡುತ್ತಾರೆ. ಹಿರಿಯರ ಕಮಿಟಿ ತೀರ್ಮಾನ ಮಾಡುತ್ತದೆ. ಉಳಿದದ್ದೆಲ್ಲ ಸಭಾಸೇವಕನದು. ಜಮಖಾನೆ ಹಾಸುವುದು, ಮಡಚುವುದು, ಜಡ್ಡಾದವರ ಮನೆಗೆ ಹೋಗುವುದು, ಸತ್ತವರಿಗೆ ಸ್ನಾನ ಮಾಡಿಸುವುದು, ಮದುವೆಯಲ್ಲಿ ಬೀಗರಿಗೂ ಬೀಗರಿಗೂ ಜಗಳವಾದರೆ ನಡುವೆ ಹೋಗಿ ನಿಲ್ಲುವುದು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಬ್ರೆಡ್ಡು, ದ್ರಾಕ್ಷಿರಸ ಹಂಚುವುದರ, ತಯಾರಿ ಮಾಡುವುದು. ಅಂದು ಬ್ರೆಡ್ಡಿನ ಅಂಚು ತೆಗೆದು ಸಣ್ಣ ತುಂಡು ಮಾಡಿ, ತಟ್ಟೆಯಲ್ಲಿ ಜೋಡಿಸಿ, ಬಿಳಿ ಬಟ್ಟೆ ಮುಚ್ಚಿ ಮೇಜಿನ ಮೇಲಿಡಬೇಕು. ಪಾಸ್ಟರ್ ಪ್ರಾರ್ಥನೆ ಮಾಡಿದ ಮೇಲೆ ಅದನ್ನು ಸಾಲಿನಲ್ಲಿ ಹಂಚಬೇಕು. ಹಂಚುವವನು ತನ್ನದನ್ನು ಕೊನೆಗೆ, ಪಕ್ಕದ ಸಣ್ಣ ಕೋಣೆಗೆ ಹೋಗಿ ತೆಗೆದುಕೊಳ್ಳುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ.

ಈ ಕೆಲಸವನ್ನು ನಾನು ಕಲಿತದ್ದು ದೇವಾಲಯದಲ್ಲಲ್ಲ, ಫೌಜಿನಲ್ಲಿ. ಭರ್ತಿಯಾಗಿ ಹೋದಾಗ ನಮ್ಮ ಓಣಿಯವರು ಪ್ರಭುದಾಸ ಬಂದೂಕು ಹಿಡಿದಾನೆ ಎಂದು ಊರೆಲ್ಲ ಹೇಳಿಕೊಂಡು ಬಂದರು. ನನ್ನನ್ನು ಹಾಕಿದ್ದು ಲಂಗರಿಗೆ, ಅಂದರೆ ಫೌಜಿನ ಅಡುಗೆಮನೆಗೆ. ನನ್ನ ಕೈಗೆ ಬಂದದ್ದು ಸೌಟು. ಮೊದಲ ರಜೆಯಲ್ಲಿ ಊರಿಗೆ ಬಂದಾಗ ಎಷ್ಟು ಮಂದಿ ವೈರಿಗಳನ್ನು ಹೊಡೆದೆ ಎಂದು ಕೇಳಿದವರಿಗೆ ನಾನು ನಿಜ ಹೇಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ, ಮೀಸೆ ತಿರುವಿ ಸುಮ್ಮನಾದೆ.

ಲಂಗರಿನಲ್ಲಿ ನಮ್ಮ ಮೇಲಿನವನು ಗುಡ್ಡಗಾಡಿನ ಕಡೆಯ ಒಬ್ಬ ಹವಾಲ್ದಾರ. ಎಲ್ಲರೂ ಉಸ್ತಾದ್ ಅನ್ನುತ್ತಿದ್ದೆವು. ಬೈಗುಳದಲ್ಲಿ ಬಹಳ ಧಾರಾಳಿ, ಎಣ್ಣೆಯಲ್ಲಿ ಬಹಳ ಜಿಪುಣ. ಬೇಳೆ ಹತ್ತಿದರೆ ಬೈದು ಬಿಡುತ್ತಿದ್ದ, ಉಪ್ಪು ಹೆಚ್ಚಾದರೂ ಬೈದು ಬಿಡುತ್ತಿದ್ದ. ಎರಡು ವಿಷಯದಲ್ಲಿ ಮಾತ್ರ ಬಿಡುವವನಲ್ಲ. ಅಡುಗೆ ಇಳಿದ ಕೂಡಲೇ, ಯಾರಿಗೂ ಬಡಿಸುವ ಮೊದಲೇ, ಡ್ಯೂಟಿಯ ಮೇಲೆ ಹೊರಗೆ ಹೋದವರ ಪಾಲು ತೆಗೆದು ಮುಚ್ಚಿಡಬೇಕು. ಉಳಿದರೆ ಇಡುವುದಲ್ಲ, ಮೊದಲೇ ಇಡಬೇಕು, ಕರ್ನಲ್ ಸಾಹೇಬರೇ ಬಂದು ಕೇಳಿದರೂ ಆ ಮುಚ್ಚಳ ತೆಗೆಯಬಾರದು. ಇನ್ನೊಂದು, ಹೊರಗೆ ಹೋದ ಕೊನೆಯವನು ಬಂದು ಉಣ್ಣುವವರೆಗೆ ಅಡುಗೆಯವನು ಉಣ್ಣಬಾರದು.

ಒಮ್ಮೆ ಎತ್ತರದ ಪೋಸ್ಟಿನಲ್ಲಿದ್ದಾಗ ಗಸ್ತಿಗೆ ಹೋದ ತಂಡ ಹಿಮ ಬಿದ್ದು ದಾರಿಯಲ್ಲೇ ಸಿಕ್ಕಿಬಿತ್ತು. ಆ ದಿನ ಬರಲಿಲ್ಲ, ಮರುದಿನ ಮಧ್ಯಾಹ್ನವೂ ಬರಲಿಲ್ಲ. ಉಸ್ತಾದ್ ಉಳಿದವರಿಗೆಲ್ಲ ಬಡಿಸಿದ, ನಮ್ಮಂಥ ಕಿರಿಯರಿಗೂ ಬೈದು ಉಣ್ಣಿಸಿದ, ತಾನು ಬರೀ ಚಹಾದ ಮೇಲೆ ಇದ್ದ. ಸ್ವಲ್ಪ ಉಣ್ಣಿ ಉಸ್ತಾದ್ ಎಂದು ನಾನು ಹರಕು ಹಿಂದಿಯಲ್ಲಿ ಹೇಳಿದೆ. ಮೊದಲು ಅವರು ಎಂದು ಹಿಮದ ಕಡೆ ಕೈ ತೋರಿಸಿದ. ಸಂಜೆಗೆ ತಂಡ ಬಂತು. ಅವರ ಪಾಲನ್ನು ಬಿಸಿ ಮಾಡಿ ಒಬ್ಬೊಬ್ಬರ ತಾಟಿಗೂ ಹಾಕಿದ. ಎಲ್ಲರೂ ಕೈ ತೊಳೆದ ಮೇಲೆ ತಳದಲ್ಲಿ ಹತ್ತಿದ್ದ ಬೇಳೆಯನ್ನು ಕೆರೆದು ನಿಂತಲ್ಲೇ ತಿಂದ. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಂದು. ಅದಕ್ಕೆ ಮೊದಲು ಅವನ ವರ್ಗ ಯಾವಾಗ ಆದೀತು ಎಂದು ಕಾಯುತ್ತಿದ್ದೆ.

ನಿವೃತ್ತಿಯಾಗಿ ಬಸವಕಲ್ಯಾಣಕ್ಕೆ ಬಂದೆ. ಕ್ರಿಸ್‌ಮಸ್ ಊಟಕ್ಕೆ ಅಡುಗೆಯವರು ಕೈ ಕೊಟ್ಟಿದ್ದ ಒಂದು ವರ್ಷ ನಾನೇ ಸೌಟು ಹಿಡಿದೆ. ಆಗಿದ್ದ ಹಳೆಯ ಪಾಸ್ಟರು ನೆಲದ ಮೇಲೆ ಅನ್ನದ ಒಂದು ಅಗುಳೂ ಬೀಳದಿದ್ದುದನ್ನು ನೋಡಿ ನನ್ನನ್ನು ಸಭಾಸೇವಕನನ್ನಾಗಿ ಮಾಡಿದರು. ಬೈಬಲ್ಲಿನ ಜ್ಞಾನ ನೋಡಿ ಮಾಡಿದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನನ್ನ ಮೊದಲ ಕರ್ತನ ಭೋಜನ ಇಡೀ ಸಭೆಗೆ ನೆನಪಿದೆ. ಈಗ ನೀವು ಬಾಟಲಿ ರಸ ತಂದು ಸಣ್ಣ ಸಣ್ಣ ಪ್ಲಾಸ್ಟಿಕ್ ಲೋಟಕ್ಕೆ ಸುರಿಯುತ್ತೀರಿ. ಆಗ ಒಣ ದ್ರಾಕ್ಷಿಯನ್ನು ನೆನೆಸಿ, ಕುದಿಸಿ, ಹಿಂಡಿ, ಸೋಸಿ ರಸ ಮಾಡಬೇಕಿತ್ತು. ಎಲ್ಲರಿಗೂ ಒಂದೇ ಬಟ್ಟಲು. ನಾನು ಲಂಗರಿನ ಅಂದಾಜಿನಲ್ಲಿ ದೊಡ್ಡ ಪಾತ್ರೆ ಬೇಕೆಂದು ಸಭೆಯ ಊಟದ ಡಬರಿಯನ್ನೇ ಒಲೆಗೆ ಏರಿಸಿದೆ. ಹಿಂದಿನ ವಾರ ಅದರಲ್ಲಿ ಕುರಿಮಾಂಸದ ಸಾರು ಆಗಿತ್ತು. ತೊಳೆದಿದ್ದರು, ಆದರೆ ಬೆಳ್ಳುಳ್ಳಿ ಒಗ್ಗರಣೆ ಪಾತ್ರೆಯನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬಟ್ಟಲು ಸಾಲಿನಲ್ಲಿ ಹೋದಂತೆ ಒಬ್ಬೊಬ್ಬರ ಮುಖವೂ ಬದಲಾಗುತ್ತ ಹೋಯಿತು. ಪ್ರಾರ್ಥನೆ ಮುಗಿಯುವವರೆಗೆ ಯಾರೂ ಉಸಿರೆತ್ತಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಬಂದ ಮೇಲೆ ಒಬ್ಬ ಹೆಂಗಸು ಗಟ್ಟಿಯಾಗಿ, "ಫೌಜಿ ಅಣ್ಣಾರ, ಕರ್ತನ ಭೋಜನದಾಗ ಬಳ್ಳೊಳ್ಳಿ ವಾಸನಿ ಬಂತಲ್ರಿ. ಮುಂದಿನ ತಿಂಗಳ ರೊಟ್ಟಿ ತರಬೇಕೇನ್ರಿ ಮನಿಯಿಂದ?" ಅಂದಳು. ಎಲ್ಲರೂ ನಕ್ಕರು, ಹಳೆಯ ಪಾಸ್ಟರೂ ನಕ್ಕರು. ಆ ಹೆಂಗಸು ಮಾರ್ಥಾಬಾಯಿ. ಕಳೆ ತೆಗೆಯುವ ಕೂಲಿ ಮಾಡುತ್ತಿದ್ದಳು, ಗಂಡ ಸತ್ತಿದ್ದ, ಸುನೀತಾ ಎಂಬ ಒಬ್ಬಳೇ ಮಗಳು.

ಅದೇ ದಿನ ನನ್ನ ಇನ್ನೊಂದು ತಪ್ಪು ಹೊರಬಿತ್ತು. ತಟ್ಟೆ ಖಾಲಿಯಾದ ಮೇಲೂ ಮೇಜಿನ ಮೂಲೆಯಲ್ಲಿ ಮುಚ್ಚಳ ಹಾಕಿದ ಒಂದು ಸ್ಟೀಲ್ ಡಬ್ಬಿ ಉಳಿದಿತ್ತು. ಪಾಸ್ಟರು ತೆಗೆದು ನೋಡಿದರೆ ಒಳಗೆ ಬ್ರೆಡ್ಡಿನ ತುಂಡುಗಳು.

"ಇದು ಯಾರದಪಾ ಪ್ರಭುದಾಸ?"

"ಡ್ಯೂಟಿ ಮ್ಯಾಲಿದ್ದವರದು ಸಾಹೇಬ್ರ" ಎಂದು ನಾನು ಫೌಜಿನ ಕವಾಯತಿನಂತೆ ಕಾಲು ಜೋಡಿಸಿ ನೆಟ್ಟಗೆ ನಿಂತು ಹೇಳಿಬಿಟ್ಟೆ. ಕೈ ತನ್ನ ಅಭ್ಯಾಸದಂತೆ ಮೊದಲೇ ತೆಗೆದಿಟ್ಟಿತ್ತು. ಅದು ನನಗೆ ಗೊತ್ತಾದದ್ದೂ ಅವರು ಕೇಳಿದಾಗಲೇ.

"ಇದು ಲಂಗರ್ ಅಲ್ಲಪಾ. ಇಲ್ಲಿ ಯಾರ ಡ್ಯೂಟಿ, ಎಲ್ಲಿ ಡ್ಯೂಟಿ?" ಎಂದರು. ಮತ್ತೆ ಅವರೇ ಡಬ್ಬಿಗೆ ಮುಚ್ಚಳ ಹಾಕಿ, "ಹುಲಸೂರಾಗ ನಮ್ಮ ಸಾಲಿ ಮಾಸ್ತರ್ ಹಾಸಿಗಿ ಹಿಡದಾರ. ಪ್ರಾರ್ಥನಿ ಇದರ ಮ್ಯಾಲೂ ಆಗೇದ. ನಡಿ, ಕೊಟ್ಟು ಬರೂಣು" ಎಂದರು. ಅಂದಿನಿಂದ ಅದು ಸಭೆಯ ಪದ್ಧತಿಯಾಯಿತು. ಬರಲಾರದವರ ಪಾಲನ್ನು ಮೊದಲೇ ತೆಗೆದು ಮೇಜಿನ ಮೇಲಿಡುವುದು, ಅದೇ ದಿನ ಮುಟ್ಟಿಸುವುದು, ಮುಟ್ಟಿಸಲಾಗದೆ ಉಳಿದರೆ ಬೇವಿನ ಬುಡದ ಮಣ್ಣಿಗೆ ಹಾಕುವುದು. ಅದನ್ನು ನಾನೇ ಯೋಚಿಸಿ ತಂದೆ ಎಂದು ಈಗ ಕೆಲವರು ಹೊಗಳುತ್ತಾರೆ. ಆದದ್ದು ಇಷ್ಟೇ.

ಸುಗ್ಗಿ ಹಬ್ಬದ ಊಟದಲ್ಲಿ ನಾನು ಎಲ್ಲರನ್ನೂ ತಾಟು ಹಿಡಿಸಿ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಇನ್ನೊಂದು ಕಥೆ. ಅದಕ್ಕೆ ಮೊದಲು ಕಮಿಟಿಯವರಿಗೆ ಒಳಗೆ ಕುರ್ಚಿ ಹಾಕಿ ಬಡಿಸುವ ವಾಡಿಕೆ. ಕಮಿಟಿಯ ದೊಡ್ಡವರಾದ ಸಂಪತ್‌ರಾವ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, "ನಮಗ ಒಳಗ ಕಳಸ್ರಿ ಪ್ರಭುದಾಸ" ಎಂದರು. ಇಲ್ಲಿ ಒಂದೇ ಲೈನ್ ಎಂದೆ. ಅವರು ಮುಖ ಬಿಗಿದು ಕೊನೆಗೆ ಹೋಗಿ ನಿಂತರು. ಅವರ ಮುಂದಿದ್ದ ಮಾರ್ಥಾಬಾಯಿ ತಿರುಗಿ ನೋಡಿ, "ಬರ್ರಿ ಅಣ್ಣಾರ, ನನ್ನ ಮುಂದ ನಿಂದರ್ರಿ. ನಿಮಗ ಹಸಿವಿ ತಡಿಯೂದಿಲ್ಲ" ಎಂದಳು. ಸಾಲು ಪೂರ್ತಿ ನಕ್ಕಿತು. ಅವಳ ಬಾಯಿಗೆ ಬ್ರೇಕಿರಲಿಲ್ಲ. ಸಂಪತ್‌ರಾವ್ ಅಂದು ಪಾಯಸ ಹಾಕಿಸಿಕೊಳ್ಳದೆ ಮನೆಗೆ ಹೋದರು.

ಮುಂದೆ ಆದದ್ದಕ್ಕೂ ಈ ನಗೆಗೂ ಸಂಬಂಧವಿತ್ತೋ ಇಲ್ಲವೋ ನಾನು ಹೇಳಲಾರೆ. ಸುನೀತಾ ಹುಮನಾಬಾದಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಪಕ್ಕದ ಪಾತ್ರೆ ಅಂಗಡಿಯವರ ಮಗನೂ ಅವಳೂ ಮದುವೆಗೆ ನಿಶ್ಚಯಿಸಿಕೊಂಡರು. ಹುಡುಗನ ಮನೆಯವರು ಮೊದಲು ಬೇಡವೆಂದು, ಆಮೇಲೆ ತಮ್ಮ ಹಿಂದೂ ಪದ್ಧತಿಯಂತೆ ಆಗಲಿ ಎಂದರು. ಮಾರ್ಥಾಬಾಯಿ ಹೋಗಿ ಹಂದರದಲ್ಲಿ ಕೂತು, ಮಗಳ ತಲೆಗೆ ಅಕ್ಷತೆ ಹಾಕಿ, ಬೀಗರು ಕೊಟ್ಟ ಸೀರೆ ಉಟ್ಟುಕೊಂಡು ಬಂದಳು. ಕಮಿಟಿ ಕೂಡಿತು. ಸಭೆಯ ಮುಂದೆ ನಿಂತು ತಪ್ಪಾಯಿತು ಎಂದು ಹೇಳುವವರೆಗೆ ಅವಳಿಗೆ ಕರ್ತನ ಭೋಜನವಿಲ್ಲ ಎಂದು ಸಂಪತ್‌ರಾವ್ ಎತ್ತಿದ ಮಾತಿಗೆ ಉಳಿದವರು ಹೂಂಗುಟ್ಟಿದರು. ಅಷ್ಟರಲ್ಲಿ ಹಳೆಯ ಪಾಸ್ಟರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಹೊಸದಾಗಿ ಬಂದ ಪಾಸ್ಟರು ಎಳೆಯರು, ಓದಿದವರು, ಒಳ್ಳೆಯವರು. ಬಂದ ಕೂಡಲೇ ಕಮಿಟಿಯ ಮಾತು ಮುರಿಯುವ ಧೈರ್ಯ ಅವರಿಗೆ ಬರಲಿಲ್ಲ.

ಈ ಸುದ್ದಿ ಅವಳಿಗೆ ಮುಟ್ಟಿಸುವ ಕೆಲಸವೂ ಸಭಾಸೇವಕನದೇ. ಅವಳು ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಮಾಫಿ ಕೇಳಿದ್ರ ಆತಲ್ಲವ್ವಾ. ಒಂದ್ ಮಾತಿಂದು" ಎಂದೆ.

"ಒಂದ್ ಮಾತಿಂದೇನೋ ಖರೆ ಅಣ್ಣಾರ. ಆದ್ರ ಏನಂತ ಹೇಳ್ಲಿ? ನನ್ನ ಮಗಳ ಮದಿವ್ಯಾಗ ನಾ ಕುಂತಿದ್ದು ತಪ್ಪು ಅಂತ ಹ್ಯಾಂಗ ಹೇಳ್ಲಿ? ನಾಳಿ ಆಕಿ ಕೇಳಿದ್ರ, ಅವ್ವಾ, ನನ್ನ ಮದಿವಿ ಪಾಪೇನವ್ವಾ ಅಂದ್ರ, ನಾ ಯಾವ ಮಾರಿ ತೋರಿಸ್ಲಿ?"

ನನಗೆ ಕಮಿಟಿಯ ಮೇಲೆ ಸಿಟ್ಟು ಬಂದಿತ್ತು. ಸಂಪತ್‌ರಾವ್ ಎದುರು ಅದನ್ನು ಹೇಳಿಯೂ ಹೇಳಿದೆ, ಕುರ್ಚಿ ಹಿಂದೆ ತಳ್ಳಿ ಎದ್ದೂ ಬಂದೆ. ಆದರೆ ಹುಕುಂ ಮುರಿದು ಕಳ್ಳತನದಲ್ಲಿ ಅವಳ ಕೈಗೆ ತುಂಡು ಹಾಕುವುದು ನನ್ನಿಂದ ಆಗಲಿಲ್ಲ. ಮನಸ್ಸಿಗೆ ಹಿಡಿಸದ ಹುಕುಂ ಫೌಜಿನಲ್ಲೂ ಬರುತ್ತಿದ್ದವು.

ಮಾರ್ಥಾಬಾಯಿ ಸಭೆಗೆ ಬರುವುದನ್ನು ಬಿಡಲಿಲ್ಲ. ಹೆಂಗಸರ ಕಡೆ ಎಲ್ಲಕ್ಕಿಂತ ಹಿಂದೆ, ಗೋಡೆಗೆ ಬೆನ್ನು ಹಚ್ಚಿ ಕೂರುತ್ತಿದ್ದಳು. ನಾನು ತಟ್ಟೆ ಹಿಡಿದು ಅವಳ ಸಾಲಿಗೆ ಬಂದಾಗ ಸೆರಗು ಸರಿ ಮಾಡಿಕೊಂಡು ನೆಲ ನೋಡುತ್ತಿದ್ದಳು, ನಾನು ಅವಳನ್ನು ದಾಟಿ ಹೋಗುತ್ತಿದ್ದೆ. ಈ ಕೆಲಸದಲ್ಲಿ ಹೆಣ ಹೊತ್ತಿದ್ದೇನೆ, ಜಗಳ ಬಿಡಿಸಲು ಹೋಗಿ ಪೆಟ್ಟೂ ತಿಂದಿದ್ದೇನೆ. ಆ ನಾಲ್ಕು ಹೆಜ್ಜೆಯಷ್ಟು ಕಷ್ಟದ್ದು ಬೇರೆ ಯಾವುದೂ ಇರಲಿಲ್ಲ. ಡಬ್ಬಿಯಲ್ಲಿ ಜಡ್ಡಾದವರ ಪಾಲಿನ ಜೊತೆ ಅವಳದೂ ಒಂದು ತುಂಡು ಪ್ರತಿ ತಿಂಗಳು ಇಡುತ್ತಿದ್ದೆ. ಆರಾಧನೆ ಮುಗಿದ ಮೇಲೆ ಅವಳ ಕಣ್ಣೆದುರೇ ಅದು ಬೇವಿನ ಬುಡಕ್ಕೆ ಹೋಗುತ್ತಿತ್ತು. ಹೀಗೇ ವರ್ಷಗಳು ಹೋದವು. ಕೊರೋನಾ ಬಂದು ಒಂದೇ ಬಟ್ಟಲು ಹೋಯಿತು, ಸಣ್ಣ ಲೋಟಗಳು ಬಂದವು. ಸಂಪತ್‌ರಾವ್ ತೀರಿಕೊಂಡರು, ಅವರಿಗೆ ಸ್ನಾನ ಮಾಡಿಸಿದವನೂ ನಾನೇ. ಕಮಿಟಿಯಲ್ಲಿ ಹೊಸಬರು ಬಂದರು. ಹಳೆಯ ತೀರ್ಮಾನವನ್ನು ಮುಟ್ಟುವುದು ಯಾರಿಗೂ ಬೇಕಾಗಿರಲಿಲ್ಲ.

ಆಮೇಲೆ ಮಾರ್ಥಾಬಾಯಿಗೆ ಹೊಟ್ಟೆಯ ಜಡ್ಡು ಬಂತು. ತಮ್ಮ ಕೈಯಲ್ಲಿ ಆಗುವುದು ಏನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅಳಿಯ ಬಂದು ಅವಳನ್ನು ಹುಮನಾಬಾದಿಗೆ ಕರೆದುಕೊಂಡು ಹೋದ. ಒಂದು ಶನಿವಾರ ಸುನೀತಾಳ ಫೋನು ಬಂತು. "ಕಾಕಾ, ಅವ್ವ ಒಂದೇ ಸವನ ಕೇಳಾಕತ್ತಾಳ್ರಿ. ಫೌಜಿ ಅಣ್ಣಾಗ ಕೇಳು, ನನ್ನ ಪಾಲು ಇನ್ನಾ ಇಟ್ಟಾನೇನು ಅಂತ. ಏನ್ ಪಾಲ್ರೀ ಅದು? ನನಗೇನೂ ತಿಳಿವಲ್ದು."

ಮರುದಿನ ಮೊದಲ ಭಾನುವಾರ. ಆರಾಧನೆ ಮುಗಿದ ಮೇಲೆ ಪಾಸ್ಟರಿಗೆ ವಿಷಯ ಹೇಳಿದೆ. ಅವರು ಬೈಬಲ್ಲನ್ನು ಚೀಲಕ್ಕೆ ಹಾಕಿಕೊಂಡು, "ಸಭಾ ಮುಂದ ಬ್ಯಾಡ. ಹಾಸಿಗಿ ಮ್ಯಾಲೇ ಒಂದ್ ಮಾತ ತಪ್ಪಾತಂತ ಹೇಳಿದ್ರ ಸಾಕು, ನಾ ಕೊಡ್ತೀನಿ. ಕಮಿಟಿಗೆ ನಾ ಜವಾಬ್ ಹೇಳ್ತೀನಿ" ಎಂದರು. ಅವರ ಮಟ್ಟಿಗೆ ಅದು ದೊಡ್ಡ ಮಾತು. ನಾನು ರಸದ ಸಣ್ಣ ಸೀಸೆ ಜೇಬಿಗಿಟ್ಟು, ಡಬ್ಬಿ ಹಿಡಿದು ಅವರ ಜೊತೆ ಹೊರಟೆ.

ಹುಮನಾಬಾದಿನ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದಿದ್ದೆ. ಪಕ್ಕದವನೊಬ್ಬ ಒಳಗೇನಿದೆ ಎಂದು ಕೇಳಿದ. ಜಡ್ಡಾದವರ ಊಟ ಎಂದೆ. ಇಷ್ಟು ಸಣ್ಣ ಡಬ್ಬಿಯಲ್ಲೇ ಎಂದ.

ಸುನೀತಾಳ ಮನೆ ಪಾತ್ರೆ ಅಂಗಡಿಯ ಹಿಂದೆ. ಅಳಿಯ ಬಾಗಿಲಿಗೆ ಬಂದು, "ಬರ್ರಿ ಬರ್ರಿ, ಕಾಲು ತೊಳಕೊಳ್ರಿ" ಎಂದು ನೀರು ಕೊಟ್ಟ. ಸುನೀತಾ ಊಟಕ್ಕೆ ಇಡುತ್ತೇನೆ ಎಂದಾಗ ಪಾಸ್ಟರು, "ಬ್ಯಾಡವ್ವಾ, ಲಗೂನ ಹೋಗೋದದ" ಎಂದರು. ಒಳಗೆ ದೇವರ ಜಗಲಿಯ ಪಕ್ಕದ ಕೋಣೆಯಲ್ಲಿ ಮಾರ್ಥಾಬಾಯಿ ಮಂಚದ ಮೇಲಿದ್ದಳು. ಮೈಯಲ್ಲಿ ಏನೂ ಉಳಿದಿರಲಿಲ್ಲ, ಕಣ್ಣು ಮಾತ್ರ ಹಾಗೇ ಇದ್ದವು.

ಪಾಸ್ಟರು ಕೀರ್ತನೆ ಓದಿ ಪ್ರಾರ್ಥನೆ ಮಾಡಿದರು. ಆಮೇಲೆ ಸುನೀತಾಳ ಕಡೆ ಒಮ್ಮೆ ನೋಡಿದರು. ಅವಳು ಹೊರಗೆ ಹೋದರೆ ಒಳ್ಳೆಯದಿತ್ತು ಎಂದು ಅವರಿಗೂ ಅನಿಸಿರಬೇಕು. ಅವಳು ತಾಯಿಯ ಕಾಲು ಒತ್ತುತ್ತ ಕೂತಿದ್ದಳು. "ಅವ್ವಾರ, ಆ ಹಳಿ ಮಾತಿಗಿ ಒಂದ್ ಸಲ ತಪ್ಪಾತು ಅಂದುಬಿಡ್ರಿ" ಎಂದರು ಮೆಲ್ಲಗೆ.

ಮಾರ್ಥಾಬಾಯಿ ಮಗಳ ಮುಖ ನೋಡಿದಳು. ಯಾವ ಹಳೆಯ ಮಾತು ಎಂದು ಸುನೀತಾಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ತಾಯಿ ಅದನ್ನು ಅವಳ ಕಿವಿಗೆ ಬೀಳಲು ಬಿಟ್ಟಿರಲಿಲ್ಲ. ಅಲ್ಲಿ ಒಂದು ಮಾತು ಹೆಚ್ಚಾಗಿದ್ದರೆ ಎಲ್ಲ ತಿಳಿದುಬಿಡುತ್ತಿತ್ತು.

"ಸಾಹೇಬ್ರ" ಎಂದಳು ಮಾರ್ಥಾಬಾಯಿ, "ಮೊದಲ ಈ ಫೌಜಿ ಅಣ್ಣಾಗ ಕೊಡ್ರಿ. ಇವರು ತಗೊಂಡು ಎಷ್ಟ್ ವರ್ಷ ಆತು ಕೇಳ್ರಿ."

ಪಾಸ್ಟರು ನನ್ನ ಕಡೆ ತಿರುಗಿದರು.

"ನಾ ಹಿಂದ ಕುಂದರ್ತಿದ್ನಲ್ರಿ, ಆ ಸಣ್ಣ ಕ್ವಾಣಿ ಬಾಗಿಲದಾಗಿಂದ ಒಳಗಿಂದೆಲ್ಲಾ ನನಗ ಕಾಣ್ತಿತ್ತು. ಎಲ್ಲಾರಿಗಿ ಹಂಚಿ ಒಳಗ ಹೋಗವರು, ಡಬ್ಬಿ ಮುಚ್ಚಿ ಹೊರಗ ಬರವರು. ಒಂದ್ ಸಲಾನೂ ಬಾಯಿಗಿ ಹಾಕ್ಕೊಂಡಿಲ್ಲ. ಅವರಿಗೇನು ಯಾರೂ ಬ್ಯಾಡ ಅಂದಿದ್ದಿಲ್ಲಲ್ರಿ."

"ಖರೆ ಏನ್ರಿ ಪ್ರಭುದಾಸ?" ಎಂದರು ಪಾಸ್ಟರು. "ಯಾಕ?"

ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ನನ್ನ ಮನೆಯವಳಿಗೂ ಹೇಳಿರಲಿಲ್ಲ. ಅದೇನು ವ್ರತವಲ್ಲ, ಕಮಿಟಿಯ ಮೇಲಿನ ಹಟವೂ ಅಲ್ಲ. ಅವಳ ಪಾಲು ಡಬ್ಬಿಯಲ್ಲಿರುವಾಗ ನನ್ನ ಕೈ ಬಾಯಿಯವರೆಗೆ ಬರುತ್ತಿರಲಿಲ್ಲ. "ಡ್ಯೂಟಿ ಮ್ಯಾಲಿದ್ದವರು ಇನ್ನಾ ಉಂಡಿದ್ದಿಲ್ರಿ ಸಾಹೇಬ್ರ" ಎಂದೆ.

ಪಾಸ್ಟರು ನನ್ನ ಕಡೆ ಕೈ ಚಾಚಿದರು. ಡಬ್ಬಿ ಕೊಟ್ಟೆ. ಹಳೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಮುಚ್ಚಳ ತೆಗೆದು, ತುಂಡನ್ನು ಅವಳ ಅಂಗೈಯಲ್ಲಿ ಇಟ್ಟು, ಹೇಳಬೇಕಾದ ವಾಕ್ಯಗಳನ್ನು ಹೇಳಿದರು.

ಅವಳಿಗೆ ನುಂಗುವುದು ಕಷ್ಟ. ಮೂಲೆ ಮುರಿದು ಚೂರು ಮಾತ್ರ ಬಾಯಿಗೆ ಹಾಕಿಕೊಂಡಳು. ಸುನೀತಾ ಚಮಚದಲ್ಲಿ ರಸ ಕೊಟ್ಟಳು. ಉಳಿದದ್ದನ್ನು ಮಾರ್ಥಾಬಾಯಿ ನನ್ನ ಕಡೆ ಹಿಡಿದಳು. ಡ್ಯೂಟಿಯವರ ಪಾಲನ್ನು ಅಡುಗೆಯವನು ಮುಟ್ಟಬಾರದು, ಉಸ್ತಾದ್ ಇದ್ದಿದ್ದರೆ ಬೈಯುತ್ತಿದ್ದ. ನಾನು ಹಿಂದೆ ಸರಿದೆ.

"ತಗೋರಿ ಅಣ್ಣಾರ. ನನ್ನ ಪಾಲಿಂದು, ನಾ ಕೊಡಾಕತ್ತೀನಿ" ಎಂದಳು. ಆಮೇಲೆ ಹಳೆಯ ದನಿಯಲ್ಲಿ, "ಇದರಾಗ ಬಳ್ಳೊಳ್ಳಿ ವಾಸನಿ ಇಲ್ರಿ" ಎಂದಳು.

ತೆಗೆದುಕೊಂಡೆ. ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದಿಲ್ಲ.

ಹೊರಗೆ ಬಂದು ಚಪ್ಪಲಿ ಮೆಟ್ಟಲು ಹೋದಾಗ ಪಾಸ್ಟರು ಬಾಗಿಲಲ್ಲಿ ನಿಂತು, "ಸುನೀತಾ, ಊಟಾ ಅಂದಿದ್ದಿಯಲ್ಲವ್ವಾ, ಅದ ಏನು ಇನ್ನಾ?" ಎಂದು ಕೇಳಿದರು. ಅವಳು ಪಡಸಾಲೆಯಲ್ಲಿ ಚಾಪೆ ಹಾಸಿದಳು. ಪಾಸ್ಟರು ಕೂತರು, ಅಳಿಯ ಕೂತ. ಜೋಳದ ರೊಟ್ಟಿ, ಪುಂಡಿಪಲ್ಯೆ. ನಾನು ರೂಢಿಯಂತೆ ನೇರ ಒಲೆಯ ಕಡೆ ಹೋಗಿ ರೊಟ್ಟಿಯ ಬುಟ್ಟಿ ಎತ್ತಿಕೊಂಡೆ. ಸುನೀತಾ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು.

"ಇಲ್ಲಿ ನೀಡಾಕಿ ನಾ ಇದ್ದೀನ್ರಿ ಕಾಕಾ. ನೀವು ಸಾಲಿನಾಗ ಕುಂದರ್ರಿ."

ಕೂತೆ. ಅವಳು ನನ್ನ ತಾಟಿಗೇ ಮೊದಲು ಹಾಕಿದಳು.